ಸ್ವಲ್ಪ ಸರಿ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕ,

ಮೂರು ತಿಂಗಳಾಯಿತು ನಿನಗೆ ಒಂದು ಸಾಲೂ ಬರೆಯದೆ. ಮೊದಲು ನನ್ನ ಕಿವಿ ಹಿಂಡು, ಆಮೇಲೆ ಮುಂದೆ ಓದು. ನೀನು ಎರಡು ಸಲ ಫೋನ್ ಮಾಡಿದೆ, ಎರಡು ಸಲವೂ ನಾನು ಕೆಲಸ ಜಾಸ್ತಿ ಎಂದೆ. ಕೆಲಸ ಜಾಸ್ತಿ ಇದ್ದದ್ದು ನಿಜವೇ, ಆದರೆ ಕಾರಣ ಅದಲ್ಲ. ಫೋನಿನಲ್ಲಿ ಹೇಳಲು ಹೊರಟರೆ ನೀನು ಅರ್ಧಕ್ಕೇ "ಸರಿ, ಬಿಡೇ" ಎಂದುಬಿಡುತ್ತೀಯ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕಲಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಬೆನ್ನುನೋವು ಹೇಗಿದೆ? ಮಗಳ ಪರೀಕ್ಷೆ ಮುಗಿಯಿತೇ? ಭಾವ ಚೆನ್ನಾಗಿಯೇ ಇರುತ್ತಾರೆ, ಅವರ ವಿಷಯ ಕೇಳುವುದಿಲ್ಲ. ನಾನು ಆರಾಮ. ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ, ಬಾಯಿ ತುಂಬ ಬೈಗುಳ, ಮೂರಕ್ಕೂ ಕಡಿಮೆಯಿಲ್ಲ.

ನಿಮ್ಮ ಹೊಸ ಮನೆಗೆ ನಾನು ಬಂದ ದಿನ ನೀನು ಊಟಕ್ಕೆ ತಟ್ಟೆ ಹಾಕಿದ್ದಾಗ ನಾನು ಚೀಲ ಎತ್ತಿಕೊಂಡು ಹೊರಟೆನಲ್ಲ, ಏಕೆ ಎಂದು ನೀನು ಕೇಳಿದ್ದೆ. ನಾನು ತಲೆನೋವು ಎಂದಿದ್ದೆ. ನೀನು ನಂಬಲಿಲ್ಲ, ಆದರೆ ನಂಬಿದವಳ ಹಾಗೆ ಮಾತ್ರೆ ಕೊಟ್ಟು ಕಳಿಸಿದೆ. ಆ ಮಾತ್ರೆ ಇನ್ನೂ ನನ್ನ ಚೀಲದಲ್ಲೇ ಇದೆ. ಇವತ್ತು ಆ ವಿಷಯ ಹೇಳಬೇಕು. ನೇರವಾಗಿ ಹೇಳುವ ಧೈರ್ಯವಿಲ್ಲ, ಸುತ್ತಿ ಬಳಸಿ ಬರುತ್ತೇನೆ. ತಾಳ್ಮೆ ನಿನಗೆ ಹೇಳಿಕೊಡಬೇಕಾಗಿಲ್ಲ.

ನಮ್ಮ ಆಫೀಸಿನ ವಿಷಯದಲ್ಲಿ ನಿನಗೆ ಇದುವರೆಗೆ ಬರೀ ತಮಾಷೆ ಹೇಳಿದ್ದೇನೆ. ಸಾಹೇಬರಿಗೆ ಬೆನ್ನ ಹಿಂದೆ ಮಿಲಿಮೀಟರು ಎನ್ನುತ್ತೇವೆ ಎಂದಾಗ ಹೊಲಿಯುತ್ತಿದ್ದ ನೀನು ಬೆರಳಿಗೆ ಸೂಜಿ ಚುಚ್ಚಿಕೊಳ್ಳುವಷ್ಟು ನಕ್ಕಿದ್ದೆ. ಕಾಲೇಜಿನಲ್ಲಿ ವಸ್ತುಸಂಗ್ರಹಾಲಯ, ವಿಮಾನ ನಿಲ್ದಾಣ ಎಲ್ಲ ವಿನ್ಯಾಸ ಮಾಡಿ ಬಂದವಳು ನಾನು. ಇಲ್ಲಿ ಮೊದಲ ಆರು ತಿಂಗಳು ಬರೆದದ್ದು ಉತ್ತರ ದಿಕ್ಕು ತೋರಿಸುವ ಬಾಣ. ಪ್ರತಿ ನಕ್ಷೆಯ ಮೂಲೆಗೆ ಒಂದು ಬಾಣ, ಬೇರೇನೂ ಇಲ್ಲ. ಆಮೇಲೆ ಮೆಟ್ಟಿಲಿಗೆ ಬಡ್ತಿ ಸಿಕ್ಕಿತು. ಮಿಲಿಮೀಟರು ನನ್ನ ಮೆಟ್ಟಿಲುಗಳ ಮೇಲೆ ಬೆರಳಿನಲ್ಲೇ ಹತ್ತಿ ನೋಡಿ, "ಹನ್ನೊಂದನೇ ಮೆಟ್ಲಲ್ಲಿ ಬಿದ್ದು ಸತ್ತೆ ಕಣಮ್ಮ. ಮತ್ತೆ ಬರಿ" ಎನ್ನುತ್ತಿದ್ದರು. ಹೀಗೆ ಅವರು ನನ್ನ ಕೈಯಿಂದ ಎಷ್ಟು ಸಲ ಸತ್ತರೋ, ಒಂದು ಸಲವೂ ಹೋಗಲಿಲ್ಲ.

ಅವರು ಹೇಳಿಕೊಟ್ಟದ್ದರಲ್ಲಿ ಒಂದು ಮಾತ್ರ ಮನಸ್ಸಿನಲ್ಲಿ ನಿಂತಿದೆ. ಕುರ್ಚಿಯಲ್ಲಿ ಕೂತವರ ಹಿಂದೆ ಇನ್ನೊಬ್ಬರು ಹಾದು ಹೋಗಲು ಎಷ್ಟು ಜಾಗ ಬೇಕು ಎಂದು ಕೇಳಿದರು. ಪುಸ್ತಕದಲ್ಲಿದ್ದ ಲೆಕ್ಕ ಒಪ್ಪಿಸಿದೆ. ಅವರು ಗೋಡೆಯಿಂದ ಅಷ್ಟೇ ದೂರಕ್ಕೆ ಕುರ್ಚಿ ಹಾಕಿ, ನನ್ನನ್ನು ಕೂರಿಸಿ, ಹಿಂದಿನಿಂದ ನಡೆದು ಬಂದರು. ನಾನು ಗೊತ್ತಿಲ್ಲದೆಯೇ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ. "ಎಳ್ಕೊಂಡ್ಯಲ್ಲ, ಅಲ್ಲಿಗೆ ನಿನ್ನ ಪ್ಲಾನು ಫೇಲು" ಎಂದರು. "ಕೂತಿರೋರು ಏಳಬಾರ್ದು, ಸರೀಬಾರ್ದು. ಅಷ್ಟು ಜಾಗ ಇದ್ರೆ ಅದು ಅವರ ಜಾಗ. ಇಲ್ದಿದ್ರೆ ಅದು ದಾರಿ."

ಆಗ ನನಗೆ ನೀನು ನೆನಪಾದೆ.

ಅಪ್ಪನ ಮನೆಯಲ್ಲಿ ನಿನ್ನ ಹೊಲಿಗೆ ಮೆಷಿನ್ ಇದ್ದದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ. ಮದುವೆಯಾಗಿ ಹೋದ ಬಾಡಿಗೆ ಮನೆಯಲ್ಲೂ ಅಂಥದೇ ಓಣಿ, ಗೋಡೆಯ ಬಣ್ಣ ಮಾತ್ರ ಬೇರೆ. ಅಪ್ಪ ಸ್ನಾನಕ್ಕೆ ಹೊರಟರೆ "ಸ್ವಲ್ಪ ಸರಿ." ಅಮ್ಮ ಬಕೆಟ್ ಹಿಡಿದು ಬಂದರೆ "ಸ್ವಲ್ಪ ಸರಿ." ನೀನು ಪೆಡಲಿನಿಂದ ಕಾಲು ತೆಗೆದು, ಸ್ಟೂಲಿನ ಸಮೇತ ಗೋಡೆಗೆ ಒತ್ತಿಕೊಂಡು "ಸರಿ" ಎನ್ನುತ್ತಿದ್ದೆ. ಒಂದು ರಜಾ ದಿನ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಎಷ್ಟು ಸಲ ಎಂದು ನಿನ್ನ ಚಾಕ್‌ನಲ್ಲಿ ಗೋಡೆಯ ಮೇಲೆ ಗೆರೆ ಹಾಕಿದ್ದೆ. ಇಪ್ಪತ್ಮೂರು ಗೆರೆ. ಗೋಡೆ ಗೀಚಿದ್ದಕ್ಕೆ ಅಮ್ಮ ನನಗೆ ಹೊಡೆದರು, ಇಪ್ಪತ್ಮೂರು ಏಕೆ ಎಂದು ಯಾರೂ ಕೇಳಲಿಲ್ಲ. ಅವರು ಹೇಳುತ್ತಿದ್ದ ಸರಿಯೂ ನೀನು ಹೇಳುತ್ತಿದ್ದ ಸರಿಯೂ ಒಂದೇ ಎಂದು ನನಗೆ ಹೊಳೆಯಲು ಇಷ್ಟು ವರ್ಷ ಹಿಡಿಯಿತು. ಅಷ್ಟರಲ್ಲಿ ನನ್ನ ಡ್ರಾಯಿಂಗ್ ಬೋರ್ಡು, ಸ್ಕೇಲು, ಐದು ವರ್ಷದ ಕಾಲೇಜು ಎಲ್ಲ ಆ ಓಣಿಯ ಹೊಲಿಗೆ ದುಡ್ಡಿನಿಂದಲೇ ಬಂದಿದ್ದವು.

ಹಾಗಾಗಿ ಭಾವ ಮನೆ ಕಟ್ಟಿಸುವ ಮಾತೆತ್ತಿ, "ಮನೇಲೇ ಆರ್ಕಿಟೆಕ್ಟ್ ಇಟ್ಕೊಂಡು ಹೊರಗಿನೋರ ಹತ್ರ ಯಾಕೆ ಹೋಗ್ಬೇಕು?" ಎಂದಾಗ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮಿಲಿಮೀಟರೂ ಒಪ್ಪಿ, ಆಫೀಸಿನ ಕೆಲಸವೆಂದೇ ತೆಗೆದುಕೊಂಡು ನನ್ನ ಮೇಜಿಗೆ ಹಾಕಿದರು. ನನ್ನ ಮೊದಲ ಮನೆ.

ನಾನು ಟೇಪು ಹಿಡಿದು ನಿನ್ನ ಹತ್ತಿರ ಬಂದ ದಿನ ನೆನಪಿದೆಯೇ? "ಬಟ್ಟೆ ಅಳೆಯೋಳನ್ನೇ ಅಳೀತೀಯಲ್ಲೇ!" ಎಂದು ನಕ್ಕೆ. ನಕ್ಕರೂ ಅಳತೆ ಕೊಟ್ಟೆ. ಕೂತಾಗ ಮೊಣಕೈಯಿಂದ ಮೊಣಕೈಗೆ ಎಷ್ಟು, ನಿಂತು ಬಟ್ಟೆ ಕತ್ತರಿಸುವಾಗ ಬೆನ್ನು ಬಾಗದಿರಲು ಮೇಜು ಎಷ್ಟು ಎತ್ತರ ಬೇಕು, ಎಲ್ಲ ಬರೆದುಕೊಂಡೆ. ಎಂಟಡಿ ಹತ್ತಡಿಯ ಕೋಣೆ. ಎಡಗಡೆಯಿಂದ ಬೆಳಕು. ಕಿಟಕಿಯನ್ನು ತಗ್ಗಿಸಿದ್ದೆ, ಕೂತಲ್ಲಿಂದಲೇ ನಿನಗೆ ಬೀದಿ ಕಾಣಲಿ ಎಂದು. ಗೋಡೆಯ ಉದ್ದಕ್ಕೂ ಶಾಲೆಯ ಸಮವಸ್ತ್ರಗಳನ್ನು ಮಡಚಿಡುವ ಗೂಡು. ಎಲ್ಲಕ್ಕಿಂತ ಮುಖ್ಯವಾಗಿ ಒಂದೇ ಬಾಗಿಲು. ಆ ಕೋಣೆಯನ್ನು ಹಾದು ಯಾರೂ ಎಲ್ಲಿಗೂ ಹೋಗುವಂತಿರಲಿಲ್ಲ. ಅದರ ನಡುವೆ ಚೆಂದದ ಅಕ್ಷರದಲ್ಲಿ "ಅಕ್ಕನ ಕೋಣೆ" ಎಂದು ಬರೆದೆ.

ಮಿಲಿಮೀಟರು ಕನ್ನಡಕದ ಮೇಲಿನಿಂದ ನೋಡಿದರು. "ನಕ್ಷೇಲಿ ಅಕ್ಕ ತಂಗಿ ಇರಲ್ಲಮ್ಮ. ಏನು ಕೆಲಸದ ಕೋಣೆ ಅಂತ ಬರಿ." ಅಳಿಸಿ "ಹೊಲಿಗೆ ಕೋಣೆ" ಎಂದು ಬರೆದೆ.

ಭಾವ ನೋಡಿದರು. "ಹೊಲಿಗೆ ಕೋಣೆ ಅಂದ್ರೆ ಬಂದೋರು ಟೈಲರ್ ಅಂಗಡಿ ಅಂದ್ಕೋತಾರೆ. ಬೇರೆ ಏನಾದ್ರೂ ಹಾಕು." ಅಳಿಸಿ "ಬಹೂಪಯೋಗಿ ಕೋಣೆ" ಎಂದು ಬರೆದೆ. ಹೆಸರು ಹೋದ ಮೇಲೆ ಗೋಡೆ ಹೋಗಲು ಎಷ್ಟು ಹೊತ್ತು? ಮುಂದಿನ ಸಲ ಭಾವ ಬಂದಾಗ ಹಾಲ್ ಚಿಕ್ಕದಾಯಿತು ಎಂಬ ತಕರಾರು. "ಬಹೂಪಯೋಗಿ ತಾನೆ? ಹಾಲ್‌ಗೇ ಸೇರಿಸ್ಬಿಡು. ನಾಲ್ಕು ಜನ ಬಂದ್ರೆ ಕಾಲು ಚಾಚೋಕಾದ್ರೂ ಜಾಗ ಆಗುತ್ತೆ."

"ಅಕ್ಕನ ಮೆಷಿನ್ ಎಲ್ಲಿಡ್ತೀರಿ?" ಎಂದು ಕೇಳಿದೆ.

"ಅದಕ್ಕೇನಮ್ಮ, ಎಲ್ಲೋ ಒಂದು ಮೂಲೇಲಿ ಹಿಡಿಯುತ್ತೆ. ಇಷ್ಟು ವರ್ಷ ಹಿಡೀಲಿಲ್ವಾ?"

ನಾನು ಬಿಡಲಿಲ್ಲ ಅಕ್ಕ. ಅರ್ಧ ಗಂಟೆ ವಾದ ಮಾಡಿದೆ. ಕಡೆಗೆ ಭಾವ, "ಸೈಟು ಇಬ್ರ ಹೆಸರಲ್ಲಿದೆ. ಅವಳ ಸಹೀನೂ ಬೇಕಲ್ಲ? ಅವಳೇ ನೋಡ್ಲಿ, ಬೇಡ ಅಂದ್ರೆ ಬಿಟ್ಬಿಡೋಣ" ಎಂದು ಹಾಳೆಯನ್ನು ಸುರುಳಿ ಸುತ್ತಿಕೊಂಡು ಹೋದರು. ಮರುದಿನ ಅದು ವಾಪಸು ಬಂತು. ಕೆಳಗೆ ನಿನ್ನ ಸಹಿ. ಸಹಿಯ ಪಕ್ಕ, ಯಾರೂ ಕೇಳದಿದ್ದರೂ, ನಿನ್ನ ಕೈಯಿಂದಲೇ ಎರಡಕ್ಷರ: ಸರಿ.

ನನಗೆ ಮೈಯೆಲ್ಲ ಉರಿಯಿತು. ಭಾವನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನಿನ್ನ ಮೇಲೆ ಬಂತು. ನಿನಗೆ ನಾಲಿಗೆ ಇರಲಿಲ್ಲವೇ? ಒಂದು ಸಲ, ಒಂದೇ ಒಂದು ಸಲ, "ಈ ಕೋಣೆ ನನಗೆ ಬೇಕು" ಎಂದಿದ್ದರೆ ಆಕಾಶ ಕಳಚಿ ಬೀಳುತ್ತಿತ್ತೇ? ಬೇಡ ಎಂದರೆ ಬಿಡುತ್ತೇನೆ ಎಂದು ಅವರೇ ಹೇಳಿದ್ದರಲ್ಲ! ಎಷ್ಟೋ ದಿನ ದಾರಿಯಲ್ಲಿ ನಡೆಯುತ್ತಾ ಮನಸ್ಸಿನಲ್ಲೇ ನಿನ್ನ ಜೊತೆ ಜಗಳವಾಡಿದ್ದೇನೆ. ಒಂದು ಸಲ ಬಾಯಿ ಬಿಟ್ಟೇ ಬೈದೆನೆಂದು ಕಾಣುತ್ತದೆ, ಬಸ್ಸಿಗೆ ನಿಂತಿದ್ದ ಹೆಂಗಸು ದೂರ ಹೋಗಿ ನಿಂತಳು.

ಇದರ ನಡುವೆ ಆಫೀಸಿನ ಒಂದು ಸುದ್ದಿ ಹೇಳುವುದು ಉಳಿದಿದೆ. ನಮ್ಮಲ್ಲಿ ಯಾವ ಹಾಳೆಯೂ ಮೂಲೆಯಲ್ಲಿ ಕೆಂಪು ಪೆನ್ಸಿಲಿನ "ಸರಿ" ಇಲ್ಲದೆ ಬಾಗಿಲು ದಾಟುವುದಿಲ್ಲ. ಆ ಪೆನ್ಸಿಲು ಮಿಲಿಮೀಟರ ಜೇಬಿನಲ್ಲೇ ಇರುತ್ತದೆ. ಇಪ್ಪತ್ತು ವರ್ಷದಿಂದ ಅಲ್ಲೇ ನಕ್ಷೆ ಬರೆಯುವ ಹಿರಿಯರಿಗೂ ಅದನ್ನು ಕೊಟ್ಟಿಲ್ಲ. ಹೋದ ವರ್ಷ ಅದು ನನ್ನ ಕೈಗೆ ಬಂತು. ಹಿರಿಯರು ಎದ್ದು ಬಂದು, "ಇವತ್ತಿಂದ ನಿಮ್ಮನ್ನ ಮೇಡಂ ಅನ್ಬೇಕು" ಎಂದರು. ವ್ಯಂಗ್ಯವೋ ಸಂತೋಷವೋ ಗೊತ್ತಾಗಲಿಲ್ಲ. ಮುಂದೆ ಬರುವ ಗ್ರಂಥಾಲಯದ ಕೆಲಸ ನನಗೇ ಎಂದು ಮಿಲಿಮೀಟರು ಮಾತು ಕೊಟ್ಟರು. ಮಾತು ಉಳಿಸಿಕೊಂಡರು ಕೂಡ. ಏಳು ತಿಂಗಳಿಂದ ನಾನು ಆ ಗ್ರಂಥಾಲಯದ ಶೌಚಾಲಯಗಳನ್ನು ಬರೆಯುತ್ತಿದ್ದೇನೆ. ಓದುವ ಕೋಣೆ ಅವರ ಅಳಿಯನಿಗೆ ಹೋಯಿತು. ಅಳಿಯ ಬರೆದ ಮೆಟ್ಟಿಲಿನಲ್ಲಿ ಯಾರೂ ಬಿದ್ದು ಸಾಯುವುದಿಲ್ಲ.

ಇರಲಿ. ಈಗ ಹೊಸ ಮನೆಗೆ ಬಂದ ಆ ದಿನದ ಮಾತು.

ಭಾವ ನನ್ನ ಕೈಹಿಡಿದು ಮನೆ ತೋರಿಸಿದರು, ನಾನು ಬರೆದದ್ದನ್ನು ನನಗೇ. ಹಾಲ್ ಭರ್ಜರಿಯಾಗಿದೆ. ನಿನಗೆಂದು ತಗ್ಗಿಸಿದ್ದ ಕಿಟಕಿಗೆ ಸೋಫಾದ ಬೆನ್ನು ಬಂದಿದೆ, ಹೊರಗಿನವರಿಗೆ ಒಳಗೆ ಕಾಣುತ್ತದೆಂದು ಪರದೆ ಎಳೆದೇ ಇರುತ್ತದೆ. ಅಕ್ಕ ಎಲ್ಲಿ ಎಂದು ಕೇಳಿದೆ. "ಒಳಗಿದಾಳೆ, ನಾಳೆ ಕೊಡೋ ಯೂನಿಫಾರಂ ಇದ್ಯಂತೆ" ಎಂದರು. ಮೆಷಿನ್ನಿನ ಸದ್ದು ಹಿಡಿದು ಬಂದೆ. ಅಡುಗೆಮನೆ ಈ ಕಡೆ, ಬಚ್ಚಲು ಆ ಕಡೆ, ನಡುವೆ ಮೂರಡಿಯ ಓಣಿ. ಆ ಮೂರಡಿ ಬರೆದದ್ದು ನಾನೇ. ನಿಯಮದ ಪ್ರಕಾರ ಅಷ್ಟಿದ್ದರೆ ಸಾಕು, ಅದಕ್ಕೇ ಅಷ್ಟು ಕೊಟ್ಟಿದ್ದೆ. ಅಲ್ಲಿ ನೀನು ಬೆನ್ನು ಬಗ್ಗಿಸಿ ಕೂತಿದ್ದೆ. ನನ್ನನ್ನು ನೋಡಿ ನಕ್ಕು, "ಬಂದ್ಯಾ ಗೀಚಿ? ಎರಡೇ ನಿಮಿಷ, ಈ ಕಾಲರ್ ಮುಗಿಸ್ತೀನಿ" ಎಂದೆ. ಮೆಷಿನ್ ಇಲ್ಲೇಕೆ ಎಂದು ನಾನು ಕೇಳಲಿಲ್ಲ. ಹಾಲ್‌ಗೆ ಹೋಗಿ ಕಾಫಿ ಕುಡಿದೆ, ಭಾವನ ಸ್ನೇಹಿತರು ಮನೆಯನ್ನು ಹೊಗಳಿದ್ದನ್ನು ಕೇಳಿ ಥ್ಯಾಂಕ್ಸ್ ಎಂದೆ. ನೀನು ಕಾಲರ್ ಮುಗಿಸಿ, ಎದ್ದು ತಟ್ಟೆ ಹಾಕಿ, ಬಡಿಸುವ ಮೊದಲು ಇನ್ನೊಂದು ಗುಂಡಿ ಎಂದು ಮತ್ತೆ ಹೋಗಿ ಕೂತೆ. ನಾನು ಕೈ ತೊಳೆಯಲು ಎದ್ದು ಓಣಿಗೆ ಬಂದೆ. ನಿನ್ನ ಹಿಂದೆ ನಿಂತೆ. ದಾರಿ ಇರಲಿಲ್ಲ.

"ಅಕ್ಕ, ಸ್ವಲ್ಪ ಸರಿ" ಎಂದೆ.

ನೀನು ತಿರುಗಿ ನೋಡಲಿಲ್ಲ. ಕಾಲು ತೆಗೆದೆ, ಸ್ಟೂಲಿನ ಸಮೇತ ಗೋಡೆಗೆ ಒತ್ತಿಕೊಂಡೆ, "ಸರಿ" ಎಂದೆ. ಬಂದದ್ದು ಯಾರು ಎಂದೂ ನಿನಗೆ ಬೇಕಿರಲಿಲ್ಲ. ನಾನು ಹಾದು ಹೋದೆ. ನನ್ನ ಸೊಂಟ ನಿನ್ನ ಹೆಗಲಿಗೆ ತಾಗಿತು. ನಲ್ಲಿ ಬಿಟ್ಟು ಬಹಳ ಹೊತ್ತು ಕೈ ತೊಳೆದೆ. ಹೊರಗೆ ಬಂದವಳಿಗೆ ನೀನು ಹಾಕಿದ ತಟ್ಟೆಯ ಮುಂದೆ ಕೂರಲಾಗಲಿಲ್ಲ. ಅದಕ್ಕೇ ಹೋದೆ. ತಲೆನೋವು ಗಿಲೆನೋವು ಏನೂ ಇರಲಿಲ್ಲ.

ಈಗ ಗೋಡೆ ಎಬ್ಬಿಸಿ ಕೋಣೆ ಮಾಡಿಸಿಕೋ ಎಂದು ನಿನಗೆ ಹೇಳುವ ಮುಖ ನನಗಿಲ್ಲ. ಬೆನ್ನಿಗೆ ಶಾಖ ಕೊಟ್ಟುಕೋ, ಕತ್ತರಿಸುವ ಕೆಲಸವನ್ನಾದರೂ ಊಟದ ಮೇಜಿನ ಮೇಲೆ ಮಾಡು. ಮಗಳಿಗೆ ನನ್ನ ಮುತ್ತು. ಅವಳು ಬೇಕಾದಷ್ಟು ಓದಲಿ, ಬೇಕಾದ್ದು ಆಗಲಿ, ಕೂತ ಜಾಗದಿಂದ ಅವಳನ್ನು ಯಾರೂ ಏಳಿಸದಿರಲಿ. ನಾನು ಚಿಕ್ಕವಳು, ನಿನಗೆ ಹರಸುವ ಹಕ್ಕಿಲ್ಲ. ಆದರೂ ನಿನ್ನ ಕೈ, ಕಣ್ಣು ಚೆನ್ನಾಗಿರಲಿ ಎಂದು ದಿನಾ ಬೇಡಿಕೊಳ್ಳುತ್ತೇನೆ.

ನಿನ್ನ,
ಗೀಚಿ

ತಾ.ಕ.: ಇದು ಮರೆತು ಉಳಿದದ್ದಲ್ಲ, ಧೈರ್ಯ ಸಾಲದೆ ಸಹಿಯ ಕೆಳಕ್ಕೆ ತಳ್ಳಿದ್ದು. ಅರ್ಧ ಗಂಟೆ ವಾದ ಮಾಡಿದೆ ಎಂದು ಬರೆದೆನಲ್ಲ, ಅದು ಸುಳ್ಳು. ಮೆಷಿನ್ ಎಲ್ಲಿಡ್ತೀರಿ ಎಂದು ಒಂದು ಸಲ ಕೇಳಿದೆ, ಆಮೇಲೆ ಕೋಣೆಯ ಗೋಡೆ ಅಳಿಸಿದೆ, ಅಷ್ಟೇ. ಅಷ್ಟರಲ್ಲಿ ಮಿಲಿಮೀಟರು ಜೇಬಿನಿಂದ ಕೆಂಪು ಪೆನ್ಸಿಲು ತೆಗೆದು ನನ್ನ ಮುಂದಿಟ್ಟು, "ನಿಮ್ಮನೆ ಕೆಲ್ಸ, ನೀನೇ ಹಾಕಮ್ಮ. ಇದು ಮುಗಿದ್ರೆ ಲೈಬ್ರರಿ ನಿಂದೇ" ಎಂದರು. ಮೂರು ವರ್ಷ ಕಾದಿದ್ದ ಪೆನ್ಸಿಲು. ತೆಗೆದುಕೊಂಡು ಬರೆದೇಬಿಟ್ಟೆ ಅಕ್ಕ. ಅಕ್ಷರ ದುಂಡಗೆ ಬಂತು, ಒಳಗೊಳಗೇ ಹಿಗ್ಗಿದೆ ಕೂಡ. ನಾನು ಬರೆದ ಮೊದಲ ಕೆಂಪು "ಸರಿ" ಇರುವುದು ನಿನ್ನ ಕೋಣೆಯಿಲ್ಲದ ಆ ಹಾಳೆಯ ಮೂಲೆಯಲ್ಲಿ. ಭಾವ ಅದನ್ನು ನಿನ್ನ ಮುಂದೆ ಹರಡಿದಾಗ ನೀನು ಮೊದಲು ನೋಡಿದ್ದು ಅದನ್ನೇ. ಭಾವನೇ ಹೇಳಿದರು, "ನಿನ್ನ ಅಕ್ಷರ ಗುರುತು ಹಿಡಿದ್ಲು. ಅವಳಿಗೆ ಸರಿ ಅನ್ಸಿದ್ರೆ ನಂಗೂ ಸರಿ ಅಂದ್ಲು."

ಇದಕ್ಕೆ ನೀನು ಬೈದು ಬರೆ. ಬೇಕಾದರೆ ಬರೆಯದೆಯೇ ಇರು. "ಸರಿ" ಎಂದು ಮಾತ್ರ ಬರೆಯಬೇಡ.