ನಾಲ್ಕು ಬೀಳಬೇಕು

ಬನ್ನಿಮಂಟಪ, ಮೈಸೂರು
೧೯ ಮೇ ೨೦೦೨, ಭಾನುವಾರ

ಅಣ್ಣಾ,

ನೀನು ಮನೆ ಬಿಟ್ಟು ಹೋಗಿ ಎಷ್ಟೋ ದಸರಾ ಕಳೆದವು. ಎಲ್ಲಿದ್ದೀಯೋ ಗೊತ್ತಿಲ್ಲ, ಇದನ್ನು ಅಂಚೆಗೆ ಹಾಕುವಂತಿಲ್ಲ. ಆದರೂ ಇವತ್ತು ನಡೆದದ್ದನ್ನು ನಿನಗೇ ಹೇಳಬೇಕು ಅನ್ನಿಸಿತು.

ನೀನು ಗೆಳೆಯರೊಂದಿಗೆ ಆಡುತ್ತಿದ್ದೆಯಲ್ಲ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಹಾಕುತ್ತಾ ಕಥೆ ಕಟ್ಟುವ ಆಟ, ಅದನ್ನು ರಜೆಗೆ ಬಂದಿರುವ ಚಿಕ್ಕಮ್ಮನ ಮಕ್ಕಳಿಗೆ ಕಲಿಸಿದೆ. ನಿನ್ನ ಕೂಡುವ ಕಳೆಯುವ ನಿಯಮಗಳು ಅವರ ತಲೆಗೆ ಹತ್ತಲಿಲ್ಲ. ಅದಕ್ಕೇ ಒಂದೇ ನಿಯಮ ಮಾಡಿದೆ: ಅಂದುಕೊಂಡದ್ದು ಆಗಬೇಕಾದರೆ ನಾಲ್ಕೋ ಅದಕ್ಕಿಂತ ಹೆಚ್ಚೋ ಬೀಳಬೇಕು, ಇಲ್ಲದಿದ್ದರೆ ಮುಂದಿನ ಸರದಿಯವರೆಗೆ ಕಾಯಬೇಕು.

ಆಟದ ನಡುವೆ ಅಪ್ಪ ಬಂದು ಚಾಪೆಯ ಮೇಲೆ ಕೂತರು. ಇದೇ ಆಟಕ್ಕಾಗಿ ನಿನ್ನ ಮೇಲೆ ಕೂಗಾಡುತ್ತಿದ್ದ ಅಪ್ಪ!

"ನಂಗೂ ಒಂದು ಪಾತ್ರ ಕೊಡಮ್ಮ," ಅಂದರು.

"ಯಾರಾಗ್ತೀರಪ್ಪ?"

"ಕಾಡಿಗೆ ಹೋದ ಮಗನ್ನ ಹುಡ್ಕೋನು."

ದಾಳ ಹಾಕಿದರು, ಒಂದು ಬಿತ್ತು. ಮುಂದಿನ ಸರದಿಯಲ್ಲಿ ಎರಡು. ನನಗೆ ತಡೆಯಲಾಗಲಿಲ್ಲ. "ಹುಡುಕೋರಿಗೆ ಎರಡು ಬಿದ್ರೂ ಸಾಕಪ್ಪ, ಇದು ಹೊಸ ರೂಲ್ಸು," ಅಂದೆ.

"ಬ್ಯಾಡ ಕಣಮ್ಮ. ಎಲ್ರಿಗೂ ಒಂದೇ ರೂಲ್ಸು," ಅಂದವರೇ ದಾಳವನ್ನು ಪಕ್ಕದಲ್ಲಿ ಕೂತಿದ್ದ ಹುಡುಗಿಗೆ ಕೊಟ್ಟರು.

ಅಷ್ಟರಲ್ಲಿ ಅಮ್ಮ ಊಟಕ್ಕೆ ಕರೆದಳು. ಮಕ್ಕಳೆಲ್ಲ ಎದ್ದು ಓಡಿದರು. ಅಪ್ಪ ಏಳಲಿಲ್ಲ.

"ಅವ್ರೆಲ್ಲ ಹೋಗ್ಬುಟ್ರು," ಅಂದರು. "ಈಗ ನನ್ನ ಸರದೀನೇ ಅಲ್ವೇನಮ್ಮ?"

ನಿನ್ನ ತಂಗಿ,
ಹೇಮಶ್ರೀ