ಮುಂದಿನ ಆದೇಶದವರೆಗೆ

ರಾಯಚೂರು ಸೀಮೆ
ಫೆಬ್ರವರಿ ೩೦, ೨೧೮೪

ಹುಲಿಗೆಮ್ಮನವರಿಗೆ,

ತಾರೀಖು ಕೇಳಿ ಗಾಬರಿಯಾಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನಿಮಗೆ ಓದು ಬಾರದೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನನ್ನ ಮಾತುಗಳು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ಅವುಗಳಲ್ಲಿ ಒಂದನ್ನು ಹುಟ್ಟಿಸಿದವರು ನೀವೇ.

ನೀವೀಗ ಕ್ಷಯದ ದವಾಖಾನೆಯ ಬಾಗಿಲಲ್ಲಿ, ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದೀರಿ. ಪಕ್ಕದಲ್ಲಿ ಮಗಳು ನೀಲಮ್ಮ ದುಪಟ್ಟದಿಂದ ಬಾಯಿ ಮುಚ್ಚಿಕೊಂಡು ಕೆಮ್ಮುತ್ತಿದ್ದಾಳೆ. ಅವಳ ಔಷಧ ಅರ್ಧಕ್ಕೆ ಬಂದಿದೆ. ಈಗ ತಪ್ಪಿದರೆ ಮುಂದೆ ಯಾವುದೂ ನಾಟದೆಂದು ನರ್ಸ್ ಹೇಳಿದ್ದು ನಿಮ್ಮ ಕಿವಿಯಲ್ಲಿದೆ. ಬಾಗಿಲಿಗೆ ಬೀಗ ಬಿದ್ದಿದೆ. ಇದನ್ನು ನಡೆಸಲು ಅಮೆರಿಕದಿಂದ ಬರುತ್ತಿದ್ದ ನೆರವು ನಿಂತಿದೆ. ಅಂಟಿಸಿದ ಕಾಗದದಲ್ಲಿ ‘ಮುಂದಿನ ಆದೇಶದವರೆಗೆ ಮುಚ್ಚಲಾಗಿದೆ’ ಎಂದಿದೆ. ಇದೇ ಅರ್ಥದ ಕಾಗದ ಆಫ್ರಿಕದಲ್ಲಿ, ನೇಪಾಳದಲ್ಲಿ, ನೀವು ಹೆಸರು ಕೇಳಿರದ ಎಷ್ಟೋ ಊರುಗಳ ಬಾಗಿಲಲ್ಲೂ ಇದೆ. ದೂರದ ಆ ನಿರ್ಧಾರದ ಬಗ್ಗೆ ನಮ್ಮ ಕಾಲದಲ್ಲೂ ವಾದಿಸುವವರಿದ್ದಾರೆ. ಬೀಗಕ್ಕೆ ವಾದ ಕೇಳಿಸುವುದಿಲ್ಲ.

ಇನ್ನು ಸ್ವಲ್ಪ ಹೊತ್ತಿಗೆ ನಿಮ್ಮ ಹಿಂದಿರುವ ಟೇಲರ್ ಖಾಜಾಸಾಬ್ ಆ ಕಾಗದವನ್ನು ಗಟ್ಟಿಯಾಗಿ ಓದುತ್ತಾನೆ. ನಿಮ್ಮನ್ನು ನೋಡಿ, “ಮುಂದಿನಾಕಿ ನೀನಽ ಅಲ್ಲೇನವಾ? ಕೊಟ್ಟುಬಿಡು ಆದೇಶ” ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ನೀವು ಮಾತ್ರ ಕಾಗದದಲ್ಲಿ ಹಾಗೇ ಬರೆದಿದೆಯೆಂದು ನಂಬುತ್ತೀರಿ. “ಹಂಗಾದ್ರ ದೊಡ್ಡ ದವಾಖಾನಿಗೆ ನಡೀರಿ. ಸಾಲು ಮುರೀಬ್ಯಾಡ್ರಿ” ಎನ್ನುತ್ತೀರಿ. ಸಾಲು ಹಾಗೆಯೇ ಪೇಟೆ ದಾಟುತ್ತದೆ. ಒಬ್ಬೊಬ್ಬರಾಗಿ ಹೋಗಿದ್ದರೆ ನಾಳೆ ಬಾ ಎನ್ನಬಹುದಾಗಿದ್ದ ಅಲ್ಲಿನವರು, ಅಷ್ಟು ಜನರನ್ನು ಒಟ್ಟಿಗೆ ಕಂಡು ಔಷಧದ ಕಪಾಟು ತೆರೆಯುತ್ತಾರೆ.

ನಮ್ಮ ಕಾಲದಲ್ಲಿ ಪ್ರತಿ ಓಣಿಗೂ ಒಬ್ಬರು ‘ಮುಂದಿನವರು’ ಇದ್ದಾರೆ. ಅದು ಸರದಿಯ ಕೆಲಸ. ಬೆಳಿಗ್ಗೆ ಕಾಯಿಲೆಯವರ ಮನೆಗೆ ಹೋಗಿ, ಅವರು ಗುಳಿಗೆ ನುಂಗುವವರೆಗೆ ಕೂತು, ಒಂದು ಲೋಟ ಮಜ್ಜಿಗೆ ಕುಡಿದು ಬರಬೇಕು. ಕುಡಿಯದೆ ಎದ್ದರೆ ಮನೆಯವರಿಗೆ ಬೇಸರ. ‘ಆದೇಶ’ ಎಂದರೆ ನಮಗೆ ಮೇಲಿನಿಂದ ಇಳಿಯುವುದಲ್ಲ, ಬಾಗಿಲಿಗೆ ಹತ್ತಿರ ನಿಂತವರು ಹೇಳುವುದು. ಬೇರೆ ದೇಶಗಳಲ್ಲೂ ಈ ಪದ್ಧತಿ ಬೇರೆ ಹೆಸರುಗಳಲ್ಲಿದೆ. ಊರುಗಳು ಒಂದಕ್ಕೊಂದು ಔಷಧ ಕಳಿಸಿಕೊಳ್ಳುತ್ತವೆ. ಹೋದ ವರ್ಷ ಅಮೆರಿಕದ ಒಂದು ಸಣ್ಣ ಊರು ಕೇಳಿತು, ಕಳಿಸಿದೆವು. ಪೆಟ್ಟಿಗೆಯ ಮೇಲೆ ಯಾರ ಕೊಡುಗೆಯೆಂದು ಬರೆಯುವ ರೂಢಿ ನಮ್ಮಲ್ಲಿಲ್ಲ.

ಎಲ್ಲವೂ ನೆಟ್ಟಗಾಗಿದೆ ಎನ್ನಲಾರೆ. ಕೆಮ್ಮು ಇನ್ನೂ ಇದೆ, ಮರೆವೂ ಇದೆ. ಈ ವಾರದ ಸರದಿ ನನ್ನದು. ನಿನ್ನೆ ನಾನೇ ಒಂದು ಮನೆ ಮರೆತು, ಮಧ್ಯಾಹ್ನ ಓಡಿದೆ.

ನೀಲಮ್ಮ ನನ್ನ ಮುತ್ತಜ್ಜಿಯ ತಾಯಿ. ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಒಂದೇ ಕೋರಿಕೆ. ಬೀಗ ನೋಡಿ ನೋಡಿ ಸಾಕಾಗಿ, ಮನೆಗೆ ಹೊರಡಲೆಂದು ನೀವು ಅವಳ ಕೈ ಹಿಡಿದಿದ್ದೀರಿ. ಇನ್ನೊಂದು ಗಳಿಗೆ ಅಲ್ಲೇ ನಿಲ್ಲಿ. ಖಾಜಾಸಾಬ್ ಗಂಟಲು ಸರಿಮಾಡಿಕೊಳ್ಳುತ್ತಿದ್ದಾನೆ.

ನಿಮ್ಮ,
ಮುಂದಿನವ