ಕೆಂಚನಿಗೇ ಯಾಕೆ ಬಂತು

ರಾಯಚೂರು
೧೯ ಸೆಪ್ಟೆಂಬರ್ ೨೦೨೪

ಪ್ರೀತಿಯ ಅವ್ವನಿಗೆ,

ನಿನ್ನ ಮಗಳು ವಿಶಾಖಾ ಮಾಡುವ ನಮಸ್ಕಾರ. ಈಗಿನ ಕಾಲದಲ್ಲಿ ಕಾಗದ ಯಾರು ಬರೆಯುತ್ತಾರೆ ಎಂದು ನಗಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ "ಎಲ್ಲಾ ಆರಾಮ ಅದ ಬೇ" ಎಂದು ಬಾಯಿಗೆ ಬಂದುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಅಮರೇಶನ ಕೈಗೆ ಕೊಟ್ಟು ಓದಿಸಬೇಡ. ತಡವಾದರೂ ಅಕ್ಷರ ಕೂಡಿಸಿಕೊಂಡು ನೀನೇ ಓದು. ತಮ್ಮನ ಮುಂದೆಯಾದರೂ ನನ್ನ ಮರ್ಯಾದೆ ಉಳಿಯಲಿ.

ಕೆಂಚ ಬದುಕಿದ್ದಾನೆ. ಇದನ್ನೇ ಮೊದಲು ಹೇಳಬೇಕಿತ್ತು. ನೀನು ಬಂದಾಗಲೇ ಮಂಕಾಗಿದ್ದನಲ್ಲ, ಆಮೇಲೆ ಜ್ವರ ಏರಿತು. ಮುಖ, ಹಿಂಗಾಲು ಬಾತುಕೊಂಡವು. ಕಣ್ಣುಗಳ ಮೇಲೆ ನೀಲಿ ಬೆರೆತ ಬಿಳಿ ಪೊರೆ ಬಂತು. ಕರೆದರೆ ದನಿ ಬಂದ ಕಡೆ ಮೂತಿ ತಿರುಗಿಸುತ್ತಿದ್ದ, ನನ್ನನ್ನು ನೋಡುತ್ತಿರಲಿಲ್ಲ. ಆಟೋದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಯ ಡಾಕ್ಟರ್ ಅನುರಾಧಾ ಅವರ ಹತ್ತಿರ ಓಡಿದೆ. ಮನೆಯೊಡತಿ ಪಾರ್ವತೆಮ್ಮನವರೂ ಬಂದರು. ಅವರನ್ನು ಕೆಟ್ಟವರೆಂದು ತಿಳಿಯಬೇಡ. ದಾರಿಯುದ್ದಕ್ಕೂ ಅವನ ತಲೆ ಅವರ ತೊಡೆಯ ಮೇಲೇ ಇತ್ತು.

ರಕ್ತ ಪರೀಕ್ಷೆ ಮಾಡಿ ಡಾಕ್ಟರು ಇದು ಸರ್ರಾ ರೋಗ ಎಂದರು. ದನಗಳ ಮೈಗೆ ಕೂತು ಕಚ್ಚುವ ದೊಡ್ಡ ನೊಣ ಇರುತ್ತದಲ್ಲ, ಅದರ ಬಾಯಿಂದ ಕಣ್ಣಿಗೆ ಕಾಣದ ಹುಳು ರಕ್ತಕ್ಕೆ ಸೇರುತ್ತದಂತೆ. ಎಮ್ಮೆಗೆ ಸೇರಿದರೆ ಎಷ್ಟೋ ಸಲ ಅದು ಏನೂ ಆಗದಂತೆ ಮೆಲುಕು ಹಾಕಿಕೊಂಡಿರುತ್ತದೆ, ನಾಯಿಗೆ ಸೇರಿದರೆ ಜೀವಕ್ಕೇ ಬರುತ್ತದೆ. ನಾನು ಅವನನ್ನು ಕಟ್ಟಿದ್ದು ಪಾರ್ವತೆಮ್ಮನವರ ಎಮ್ಮೆಗಳ ಪಕ್ಕದಲ್ಲೇ. ಡಾಕ್ಟರು ಕೇಳಿದರು: "ಇದರ ಸಂಗಾಟ ಹುಟ್ಟಿದ ಮರಿ ಯಾವುದಾರ ಅದ ಏನ್ರಿ? ಅದು ಹೆಂಗದ? ಇದಕ್ಕ ಸಣ್ಣದಿದ್ದಾಗಿಂದ ಏನು ತಿನಿಸೀರಿ?"

ಅವ್ವಾ, ಇವನ ಒಡಹುಟ್ಟಿದ ಮೋತಿ ಮಸರಕಲ್ಲಿನ ನಮ್ಮ ಕೇರಿಯಲ್ಲಿ ಕುಣಿದಾಡಿಕೊಂಡಿದ್ದಾನೆ ಎನ್ನಬೇಕಿತ್ತು. ನೀನು ಎಲುಬಿನ ಸಾರಿನಲ್ಲಿ ರೊಟ್ಟಿ ಮುರಿದು ಹಾಕಿ ಇಬ್ಬರನ್ನೂ ಸಾಕಿದೆ ಎನ್ನಬೇಕಿತ್ತು. ಪಕ್ಕದಲ್ಲಿ ಪಾರ್ವತೆಮ್ಮನವರಿದ್ದರು. "ಒಂದೇ ಮರಿ ಹುಟ್ಟಿತ್ರಿ. ಮೊದಲಿಂದಾನೂ ಹಾಲು ಅನ್ನಾನ" ಎಂದೆ. ಡಾಕ್ಟರು ಅವನ ಪಕ್ಕೆಲುಬುಗಳ ಮೇಲೆ ಬೆರಳಾಡಿಸಿದರು.

ಈಗ ನಿನಗೆ ಗೊತ್ತಿಲ್ಲದ್ದು ಹೇಳುತ್ತೇನೆ. ಈ ಮನೆ ಹಿಡಿಯುವಾಗ ಪಾರ್ವತೆಮ್ಮನವರು, "ನಮ್ಮಲ್ಲಿ ತತ್ತಿ ಸೈತ ನಡ್ಯಂಗಿಲ್ಲವ್ವಾ. ನಿಮ್ಮಲ್ಲೂ ಹಂಗಾ ಏನು?" ಎಂದು ಕೇಳಿದ್ದರು. ಅದಕ್ಕೂ ಮೊದಲು ಎಷ್ಟೋ ಮನೆಗಳಲ್ಲಿ ಊರು ಯಾವುದು, ಓಣಿ ಯಾವುದು ಎಂದು ವಿಚಾರಿಸಿ ಕದ ಹಾಕಿಕೊಂಡಿದ್ದರು. ಸಾಕಾಗಿತ್ತು. ಹೌದೆಂದು ತಲೆಯಾಡಿಸಿಬಿಟ್ಟೆ. ಊರು ಮಾನ್ವಿ ಎಂದೆ. ಅವರ ಬೀಗರು ನಮ್ಮೂರ ಹತ್ತಿರದ ದೇವದುರ್ಗದವರು, ಮಸರಕಲ್ ಎಂದಿದ್ದರೆ ವಿಚಾರಿಸದೆ ಬಿಡುತ್ತಿರಲಿಲ್ಲ. ಬುದ್ಧನ ಫೋಟೋ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಹೋಯಿತು. ಒಬ್ಬಳೇ ಇರುತ್ತೀ ಎಂದು ನೀನು ಕೆಂಚನನ್ನು ಜೊತೆಗೆ ಕಳಿಸಿದೆ, ನಾನು ಅವನ ಬಾಯಿಯನ್ನೂ ಬದಲಿಸಲು ಹೋದೆ. ಮೊಸರನ್ನ ಮುಟ್ಟದೆ ನನ್ನ ಮುಖ ನೋಡುತ್ತಿದ್ದ. ಹಸಿದರೆ ತಾನೇ ತಿನ್ನುತ್ತಾನೆ ಎಂದುಕೊಂಡೆ. ಎಲ್ಲಿಂದಾದರೂ ಎಲುಬು ಕಚ್ಚಿಕೊಂಡು ಬಂದರೆ ಗುಟ್ಟು ರಟ್ಟಾಗುತ್ತದೆಂದು ದಿನವಿಡೀ ಕಟ್ಟಿಹಾಕಿದೆ.

ಆ ದಿನ ನೀನು ಅವನಿಗೆಂದು ಒಣಗಿಸಿದ ಖಂಡದ ಚೀಲ ಹಿಡಿದು ಗೇಟಿನ ಹತ್ತಿರ ನಿಂತಿದ್ದೆ. ಯಾರು ಎಂದು ಪಾರ್ವತೆಮ್ಮನವರು ಕೇಳಿದರು. "ನಮ್ಮೂರಾಕಿ ರೀ, ನಾಯಿ ನೋಡಾಕ ಬಂದಾಳ" ಎಂದವಳು ನಾನು, ನೀನು ಹೆತ್ತ ಮಗಳು. ಬೈದುಬಿಡುತ್ತೀ ಎಂದುಕೊಂಡೆ. ನೀನು ಚೀಲವನ್ನು ಸೆರಗಿನೊಳಗೆ ಸರಿಸಿ, "ಹೌದ್ರಿ ಅಕ್ಕಾರ, ಇವರ ಹೊಲದಾಗ ಕೂಲಿ ಮಾಡಾಕಿ ನಾ" ಎಂದೆ. ನಮಗೆ ಹೊಲ ಎಲ್ಲಿದೆ ಅವ್ವಾ? ನೀನು ಹಿತ್ತಲಿಗೆ ಹೋಗಿ ಎಮ್ಮೆಗಳ ನಡುವೆ ಕುಳಿತು ಕೆಂಚನ ತಲೆ ಸವರಿದೆ. ನಾನು ಕಾಗದದ ಕಪ್ಪಿನಲ್ಲಿ ಚಹಾ ತಂದುಕೊಟ್ಟೆ. ನೀನು ಕುಡಿದು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಚೀಲವನ್ನೂ ವಾಪಸ್ಸು ಒಯ್ದೆ. ಆಗ ನನಗೆ ಅನ್ನಿಸಿದ್ದೇನು ಗೊತ್ತೇ? ಸದ್ಯ, ವಾಸನೆ ಬರಲಿಲ್ಲವಲ್ಲ ಎಂದು. ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮೊನ್ನೆ ಇನ್ನೊಂದು ಸೂಜಿ ಹಾಕಿಸಲು ಒಬ್ಬಳೇ ಹೋದಾಗ ಡಾಕ್ಟರಿಗೆ ನಿಜ ಹೇಳಿದೆ. ಮೋತಿಗೆ ಬಾರದ್ದು ಇವನಿಗೇ ಯಾಕೆ ಬಂತು ಎಂದು ಕೇಳಿದೆ. ಅವರು ಬೈಯಲಿಲ್ಲ. "ಕೆಲವು ನಾಯಿಗೆ ಹುಟ್ಟತಾನ ತಡಕೊಳ್ಳೋ ಶಕ್ತಿ ಕಡಿಮಿ ಇರ್ತದ. ಆದ್ರ ಇದರ ಒಡಹುಟ್ಟಿದ್ದು ಗಟ್ಟಿ ಅದ ಅಂತೀರಿ. ಅಲ್ಲೂ ನೊಣ ಇರ್ತಾವ. ಅದು ಓಡಾಡ್ತದ, ಹೊಟ್ಟಿ ತುಂಬ ತಿಂತದ. ಇದು ಕಟ್ಟಿದಲ್ಲೇ ಕುಂತು ಕಚ್ಚಿಸಿಕೊಂಡದ, ಮೈಯಾಗ ಮೊದ್ಲೇ ರಕ್ತ ಇಲ್ಲ. ಹುಳ ಹೊಕ್ಕರ ಯಾವ ಬಲದ ಮ್ಯಾಲ ಕಾದಾಡಬೇಕ್ರಿ ಅದು? ಹಂಗಂತ ಇದಾ ಕಾರಣ ಅಂತ ಆಣಿ ಮಾಡಿ ಹೇಳಂಗಿಲ್ಲ ನಾನು" ಎಂದರು. ಆ ಕೊನೆಯ ಮಾತನ್ನು ಹಿಡಿದು ಪಾರಾಗಬಹುದೇ ಎಂದು ಮನೆ ಮುಟ್ಟುವವರೆಗೂ ಯೋಚಿಸಿದೆ. ಆಗಲಿಲ್ಲ.

ಈಗ ಜ್ವರ ಇಳಿದಿದೆ. ಒಂದು ಕಣ್ಣು ತಿಳಿಯಾಗುತ್ತಿದೆ, ಇನ್ನೊಂದರ ಬಗ್ಗೆ ಡಾಕ್ಟರು ಭರವಸೆ ಕೊಟ್ಟಿಲ್ಲ. ತತ್ತಿ, ಎಲುಬಿನ ಸಾರು ಕೊಡಲೇಬೇಕು ಎಂದಿದ್ದಾರೆ. ಕೆಂಚನನ್ನು ಬಿಚ್ಚಿ ನನ್ನ ಕೋಣೆಗೇ ಕರೆದುಕೊಂಡಿದ್ದೇನೆ. ನಿನ್ನೆ ಸಂಜೆ ಪಾರ್ವತೆಮ್ಮನವರಿಗೆ ಎಲ್ಲವನ್ನೂ ಹೇಳಿಬಿಟ್ಟೆ, ಅವತ್ತು ಬಂದಿದ್ದವಳು ನಮ್ಮವ್ವ ಎಂದೂ ಹೇಳಿದೆ. ಈ ಕಾಗದ ಮುಟ್ಟಿದ ಮೇಲೆ ಬರುವ ಭಾನುವಾರ ಬಾ. ಖಂಡ ತಾ. ಬೈಯುವುದಿದ್ದರೆ ಬಾಯಿ ತುಂಬ ಬೈಯಿ, ಆದರೆ ಮನೆಯೊಳಗೆ ಕುಳಿತು ಬೈಯಿ.

ನಿನ್ನ ಮುಂದೆ ತಲೆ ಎತ್ತಲಾರದ ಮಗಳು,
ವಿಶಾಖಾ

ತಾ.ಕ.: ಅವ್ವಾ, ಪಾರ್ವತೆಮ್ಮನವರಿಗೆ ಹೇಳಿದೆ ಎಂದು ಮೇಲೆ ಬರೆದದ್ದು ಸುಳ್ಳು. ಇನ್ನೂ ಹೇಳಿಲ್ಲ. ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿ ಸಾರು ಕುದಿಸುತ್ತಿದ್ದೇನೆ. ಆದರೂ ನೀನು ಬಾ, ಮುಂದಿನ ಬಾಗಿಲಿಗೇ ಬಾ. ನೀನು ಯಾರೆಂದು ಅವರು ಮತ್ತೆ ಕೇಳುತ್ತಾರೆ. ಆಗ ನಾನು ಎಷ್ಟೇ ತಡವರಿಸಿದರೂ, ನೀನು ನನ್ನ ನೆರವಿಗೆ ಬರಬೇಡ.